ತರಗೆಲೆಯೂ ನಾವೂ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ನಾಡುನುಡಿಗಳ ಹಿರಿಮೆಯನ್ನು ನೆನೆಯಲು ಕೂಡಿರುವ ಈ ಸಭೆಯಲ್ಲಿ ನಾವು ಕಸದ ಮಾತೆತ್ತಿದರೆ ಕೆಲವರಿಗೆ ನಗು ಬಂದೀತು, ಕೆಲವರಿಗೆ ಬೇಸರವೂ ಆದೀತು. ಪಂಪನನ್ನೂ ಬಸವಣ್ಣನವರನ್ನೂ ಕುರಿತು ಮಾತಾಡಬಲ್ಲವರು ನಮ್ಮ ನಡುವೆ ಇದ್ದಾರೆ. ಅವರು ಮಾತಾಡುವಾಗ ನಾವೂ ಮುಂದಿನ ಸಾಲಿನಲ್ಲಿ ಕುಳಿತು ಕೇಳುತ್ತೇವೆ. ಅದಕ್ಕೆ ಮುಂಚೆ ಸ್ವಲ್ಪ ಹೊತ್ತು, ನಮ್ಮ ಮನೆಯಂಗಳಗಳಲ್ಲಿ ಉದುರುವ ಎಲೆ, ನಾವು ಕತ್ತರಿಸಿ ಎಸೆಯುವ ಹುಲ್ಲು, ಇವುಗಳ ಸಂಗತಿಯನ್ನು ಕೇಳಬೇಕೆಂದು ಅರಿಕೆ. ಇದಕ್ಕೂ ರಾಜ್ಯೋತ್ಸವಕ್ಕೂ ಏನು ಸಂಬಂಧವೆಂದು ಕೇಳಿದರೆ, ಮೊದಲನೆಯದಾಗಿ ಕಾಲದ ಸಂಬಂಧವೆನ್ನಬೇಕು. ತುಲಾವರ್ಷ ಇನ್ನು ಕೆಲವು ವಾರಗಳಲ್ಲಿ ಮುಗಿಯುತ್ತದೆ. ಡಿಸೆಂಬರ್ ಕಳೆಯುವುದರೊಳಗೆ ಮರಗಳು ಎಲೆ ಉದುರಿಸತೊಡಗುತ್ತವೆ. ಆಗ ಕಳಮಶ್ಶೇರಿಯ ಬೀದಿಬೀದಿಗಳಲ್ಲಿ ಬೆಳಗಿನ ಹೊತ್ತು ಗೇಟಿನ ಮುಂದೆ ಒಂದೊಂದು ಚಿಕ್ಕ ಹೊಗೆ ಏಳುತ್ತದೆ. ಹೊಗೆ ಎದ್ದ ಮೇಲೆ ಭಾಷಣ ಮಾಡಿ ಪ್ರಯೋಜನವಿಲ್ಲ.

ಈ ವಿಷಯ ನಮ್ಮ ತಲೆಗೆ ಹೊಕ್ಕದ್ದು ಒಬ್ಬ ಹಿರಿಯ ಹೆಂಗಸಿನಿಂದ. ಹೆಸರು ಹೇಳಿದರೆ ಅವರು ಒಪ್ಪಲಾರರು. ನಾವೆಲ್ಲ ಅವರನ್ನು ಆಯಿ ಎಂದೇ ಕರೆಯುವುದು. ಶಿರಸಿ ಸೀಮೆಯ ಅಡಕೆ ತೋಟದ ಮನೆಯಲ್ಲಿ ಬಾಳ್ವೆ ಮಾಡಿ, ಯಜಮಾನರು ತೀರಿಕೊಂಡ ಮೇಲೆ ಮಗನೊಡನೆ ಇರಲೆಂದು ಇಲ್ಲಿಗೆ ಬಂದವರು. ಮಗನದು ಐದು ಸೆಂಟ್ಸಿನಲ್ಲಿ ಕಟ್ಟಿದ ಮನೆ. ಮುಂದೆ ಒಂದು ಮಾವು, ಹಿಂದೆ ಒಂದು ಹಲಸು, ಎರಡು ತೆಂಗು, ಪಕ್ಕದಲ್ಲಿ ಚಾಪೆಯಷ್ಟಗಲ ಹುಲ್ಲು. ಬಂದ ಹೊಸತರಲ್ಲಿ ಜನವರಿ ತಿಂಗಳ ಒಂದು ಬೆಳಗ್ಗೆ ಕೆಲಸದಾಕೆ ಅಂಗಳ ಗುಡಿಸಿ, ಎಲೆಯನ್ನೆಲ್ಲ ರಾಶಿ ಮಾಡಿ ಕಡ್ಡಿ ಗೀರಿದಳು. ಆಯಿ ಒಳಗಿನಿಂದ ಓಡಿಬಂದು ಕೈಯಲ್ಲಿದ್ದ ಚೆಂಬಿನ ನೀರನ್ನು ಅದರ ಮೇಲೆ ಸುರಿದು, "ದರಕಿಗೆ ಬೆಂಕಿ ಕೊಡ್ತಾರೇನೆ?" ಎಂದು ಕೂಗಿದರಂತೆ. ಆಕೆಗೆ ಕನ್ನಡ ತಿಳಿಯದು, ಇವರಿಗೆ ಮಲಯಾಳ ಬಾರದು. ಮಗ ಹೊರಗೆ ಬಂದು, "ಆಯಿ, ಇದು ಊರಲ್ಲ. ಇಲ್ಲಿ ಎಲ್ಲರೂ ಹೀಗೇ ಮಾಡೋದು. ಬಿಟ್ಟರೆ ಗಲೀಜು ಅಂತಾರೆ" ಎಂದ. ಆಯಿ, "ಊರಲ್ಲದಿದ್ದರೆ ಏನಾಯ್ತು ತಮಾ, ಮರ ಮರವೇ ಅಲ್ಲವೊ?" ಎಂದು ಕೇಳಿ ಸುಮ್ಮನಾದರು. ಈ ಸಂಗತಿಯನ್ನು ಮಗನೇ ಒಂದು ದಿನ ನಗುತ್ತ ನಮಗೆ ಹೇಳಿದ. ನಾವೂ ನಕ್ಕೆವು. ಮನೆಗೆ ಹೋಗಿ ನಮ್ಮ ಗೇಟಿನ ಬಳಿಯ ಕರಿಯ ಬೂದಿಯ ಗುರುತನ್ನು ನೋಡಿದ ಮೇಲೆ ನಗು ನಿಂತಿತು.

ಆಯಿ ಅಷ್ಟು ಸಿಟ್ಟಾದುದೇಕೆಂಬುದು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಬಯಲುಸೀಮೆಯವರಿಗಾಗಿ ಹೇಳುತ್ತೇವೆ. ಉತ್ತರ ಕನ್ನಡದ ಘಟ್ಟದ ಮೇಲೆ ಅಡಕೆ ತೋಟಕ್ಕೆ ಸೊಪ್ಪಿನ ಬೆಟ್ಟವೆಂದು ಕಾಡಿನ ಭಾಗವೊಂದನ್ನು ಬಿಟ್ಟುಕೊಡುವ ಪದ್ಧತಿಯುಂಟು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ. ಕಾಡಿನ ಒಂದೊಂದು ಮರಕ್ಕೂ ಲೆಕ್ಕವಿಟ್ಟ ಬ್ರಿಟಿಷರ ಅರಣ್ಯ ಇಲಾಖೆ ಕೂಡ ಈ ಹಕ್ಕನ್ನು ಒಪ್ಪಿಕೊಳ್ಳಬೇಕಾಯಿತು. ಮಳೆಗಾಲದಲ್ಲಿ ಹಸಿ ಸೊಪ್ಪು, ಬೇಸಗೆಯಲ್ಲಿ ಒಣಗಿ ಉದುರಿದ ದರಕು, ಬುಟ್ಟಿ ಬುಟ್ಟಿಯಾಗಿ ಹೊತ್ತು ತಂದು ಕೊಟ್ಟಿಗೆಯಲ್ಲಿ ದನಗಳ ಕಾಲಡಿ ಹಾಸುವುದು, ಸಗಣಿ ಗಂಜಲದೊಡನೆ ಅದನ್ನು ಗೊಬ್ಬರಗುಂಡಿಗೆ ಎಳೆಯುವುದು, ಅಲ್ಲಿಂದ ತೋಟಕ್ಕೆ. ತಲೆಯ ಮೇಲೆ ದರಕು ಹೊತ್ತ ಹೆಂಗಸರ ಕತ್ತು ನೋಯುತ್ತಿದ್ದ ಕಾಲ ಅದು. ದಕ್ಷಿಣ ಕನ್ನಡದಲ್ಲಿಯೂ ಕಾಸರಗೋಡಿನಲ್ಲಿಯೂ ಇದೇ ಕೆಲಸಕ್ಕೆ ಕುಮ್ಕಿ ಎಂದು ಬಿಟ್ಟಿದ್ದರು. ನೆಲ ಸರಕಾರದ್ದು, ಅದರ ಸೊಪ್ಪು ಪಕ್ಕದ ಜಮೀನಿನವನದು. ಕೊಡಗಿನಲ್ಲಿ ಬಾಣೆ. ಮಂಡ್ಯ ಹಾಸನಗಳ ಕಡೆಯವರು ಗದ್ದೆಗೆ ಹೊಂಗೆಯ ಸೊಪ್ಪು ತುಳಿದದ್ದನ್ನು ಕಂಡಿರಬೇಕು. ಎಲೆ ಎಂಬುದು ಹೀಗೆ ಕಾಗದಪತ್ರದಲ್ಲಿ ಹಕ್ಕಾಗಿ ಬರೆದಿಟ್ಟುಕೊಳ್ಳುವ ವಸ್ತುವಾಗಿತ್ತು. ಅಂಥ ಮನೆಯಿಂದ ಬಂದವರ ಕಣ್ಣೆದುರು ಒಂದು ಬುಟ್ಟಿ ದರಕಿಗೆ ಬೆಂಕಿ ಕೊಡುವುದೆಂದರೆ, ಅಕ್ಕಿಯ ಮೂಟೆಗೆ ಬೆಂಕಿ ಕೊಟ್ಟಂತೆಯೇ ಸರಿ.

ನವೆಂಬರ್ ೧ ಇಲ್ಲಿನವರಿಗೂ ಹಬ್ಬ. ೧೯೫೬ರ ಆ ದಿನವೇ ಕೇರಳವೂ ಹುಟ್ಟಿತು, ಅಂದೇ ಕಾಸರಗೋಡು ಈ ಕಡೆಗೆ ಬಂದಿತು. ಆ ನೋವಿನ ಮಾತು ಇಲ್ಲಿ ಬೇಡ. ಗಡಿ ಎಲ್ಲಿ ಬಿದ್ದರೂ ಮಣ್ಣು ಒಂದೇ ಎಂದು ಮಾತ್ರ ಹೇಳಿ ಮುಂದೆ ಹೋಗುತ್ತೇವೆ. ಕಾರವಾರದಿಂದ ಕಳಮಶ್ಶೇರಿಯವರೆಗೂ ನಾವು ಅಗೆಯುವುದು ಅದೇ ಕೆಂಪು ಕಲ್ಲನ್ನು. ನಮ್ಮವರು ಚಿರೆಕಲ್ಲು, ಮುರಕಲ್ಲು, ಜಂಬಿಟ್ಟಿಗೆ ಎಂದರೆ ಇವರು ಚೆಂಕಲ್ಲು, ವೆಟ್ಟುಕಲ್ಲು ಎನ್ನುತ್ತಾರೆ. ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರುಗಳನ್ನು ೧೮೦೦-೦೧ರಲ್ಲಿ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಕಲ್ಲನ್ನು ಮಲಬಾರಿನ ಅಂಗಾಡಿಪುರದ ಬಳಿ ಕಂಡು, ೧೮೦೭ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಈ ಮಣ್ಣಿನ ಗುಣವೇನೆಂದರೆ, ಹಾಕಿದ ಗೊಬ್ಬರ ಇದರಲ್ಲಿ ಹೆಚ್ಚು ದಿನ ನಿಲ್ಲದು. ವರ್ಷಕ್ಕೆ ಸುಮಾರು ಮೂರು ಸಾವಿರ ಮಿಲಿಮೀಟರು ಮಳೆ ಬೀಳುವ ಊರಿನಲ್ಲಿ, ಬರಿಯ ಮಣ್ಣಿನ ಸಾರವೆಲ್ಲ ಮೊದಲ ಎರಡು ತಿಂಗಳಲ್ಲಿಯೇ ಚರಂಡಿ ಸೇರುತ್ತದೆ. ಮಾರ್ಚ್ ಬಂತೆಂದರೆ ಅದೇ ನೆಲ ಗುದ್ದಲಿಗೆ ಕಿಡಿ ಹಾರುವಷ್ಟು ಗಟ್ಟಿ. ಇಂಥ ಮಣ್ಣಿಗೆ ಮೇಲೊಂದು ಹೊದಿಕೆ ಬೇಕು. ಆ ಹೊದಿಕೆಯನ್ನು ಮರ ತಾನಾಗಿಯೇ, ಮಳೆ ನಿಂತು ಬಿಸಿಲು ಏರುವ ಸರಿಯಾದ ಹೊತ್ತಿಗೆ ಹಾಸುತ್ತದೆ. ನಾವು ಗುಡಿಸಿ ತೆಗೆಯುತ್ತೇವೆ.

ಹೊದಿಕೆ ಎಂದೆವಷ್ಟೆ. ಇಲ್ಲಿನ ಕೃಷಿಕರು ಗಿಡದ ಬುಡಕ್ಕೆ ಎಲೆ ಹಾಸುವುದಕ್ಕೆ ಪುತಯಿಡಲ್ ಎನ್ನುತ್ತಾರೆ. ಪುತ ಎಂದರೆ ಹೊದೆಯುವ ಬಟ್ಟೆ. ನಮ್ಮ ಹಳಗನ್ನಡದ ಪೊದೆ, ಇಂದಿನ ಹೊದೆ, ಎಲ್ಲವೂ ಒಂದೇ ಬೇರಿನ ಮಾತುಗಳು. ನಮ್ಮ ಮಕ್ಕಳು ಶಾಲೆಯಲ್ಲಿ ಮಲಯಾಳ ಕಲಿತು ಮನೆಯಲ್ಲಿ ಕನ್ನಡ ಮರೆಯುತ್ತಾರೆಂದು ಕೊರಗುವವರು ಇಂಥ ಮಾತುಗಳನ್ನು ಅವರಿಗೆ ತೋರಿಸಿ ನೋಡಬಹುದು. ಒಣಗಿದ ಎಲೆಗೆ ಇವರ ಮಾತು ಕರಿಯಿಲ. ಮಣ್ಣ ಹೆಂಟೆಯೂ ಕರಿಯಿಲೆಯೂ ಕೂಡಿ ಕಾಶಿಗೆ ಹೊರಟ ಕತೆಯನ್ನು ಕೇಳದ ಮಲಯಾಳಿ ಮಗುವಿಲ್ಲ. ದಾರಿಯಲ್ಲಿ ಗಾಳಿ ಬೀಸಿತು. ಹೆಂಟೆ ಎಲೆಯ ಮೇಲೆ ಕುಳಿತು ಅದನ್ನು ಹಾರದಂತೆ ಹಿಡಿಯಿತು. ಮಳೆ ಬಂತು, ಎಲೆ ಹೆಂಟೆಯ ಮೇಲೆ ಕವುಚಿಕೊಂಡು ಅದನ್ನು ಕರಗದಂತೆ ಕಾಯಿತು. ಕೊನೆಗೆ ಗಾಳಿಯೂ ಮಳೆಯೂ ಒಟ್ಟಿಗೆ ಬಂದಾಗ ಎಲೆ ಹಾರಿಹೋಯಿತು, ಹೆಂಟೆ ಕರಗಿಹೋಯಿತು. ಮಕ್ಕಳು ಇದನ್ನು ಗೆಳೆತನದ ಕತೆಯೆಂದು ಕೇಳುತ್ತಾರೆ. ತೋಟ ಮಾಡುವವನಿಗೆ ಇದು ಬೇಸಾಯದ ಪಾಠವಾಗಿಯೂ ಕಂಡೀತು: ಎಲೆಯನ್ನು ಹಾಸಿ, ಅದರ ಮೇಲೆ ಅಲ್ಲಲ್ಲಿ ಒಂದೊಂದು ಹಿಡಿ ಮಣ್ಣು ಚೆಲ್ಲು, ಎರಡೂ ಉಳಿಯುತ್ತವೆ. ಆಯಿ ಈ ಕತೆಯನ್ನು ಕೇಳಿದವರಲ್ಲ. ಆದರೂ ಅವರು ಮಾಡುತ್ತಿದ್ದುದು ಇದನ್ನೇ.

ಇನ್ನು ನಾವು ಮಾಡುತ್ತಿರುವುದೇನೆಂದು ನೋಡೋಣ. ಎಲೆಯನ್ನು ಸುಡದವರು ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟುತ್ತಾರೆ. ಹರಿತ ಕರ್ಮ ಸೇನೆಯ ಹೆಂಗಸರು ಮನೆಮನೆಗೆ ಬಂದು ತೊಳೆದು ಒಣಗಿಸಿದ ಪ್ಲಾಸ್ಟಿಕ್ಕನ್ನು ಒಯ್ಯುತ್ತಾರೆ. ಎಲೆಯನ್ನು ಒಯ್ಯುವುದು ಅವರ ಕೆಲಸವಲ್ಲ. ಹಾಗಾಗಿ ಕಟ್ಟಿದ ಚೀಲ ರಾತ್ರಿ ಹೊತ್ತು ಯಾರದೋ ಖಾಲಿ ನಿವೇಶನದ ಗೋಡೆ ಹಾರುತ್ತದೆ. ಚೀಲದೊಳಗೆ ಗಾಳಿಯಿಲ್ಲದೆ ಎಲೆ ಹುಳಿತು ನಾರುತ್ತದೆ. ಮಣ್ಣಾಗಲು ಹುಟ್ಟಿದ್ದು ಹೀಗೆ ನಿಜವಾಗಿಯೂ ಕಸವಾಗುತ್ತದೆ. ೨೦೧೬ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ಘನತ್ಯಾಜ್ಯದ ನಿಯಮಗಳು ತೋಟದ ಕಸವನ್ನು ಅವರವರ ಆವರಣದಲ್ಲಿಯೇ ಬೇರೆಯಾಗಿ ಇಡಬೇಕೆಂದೂ, ಬೀದಿಯಲ್ಲಿ ಸುಡಕೂಡದೆಂದೂ ಹೇಳಿದವು. ಅದಕ್ಕೂ ಒಂದು ವರ್ಷ ಮೊದಲೇ, ೨೦೧೫ರಲ್ಲಿ, ದಿಲ್ಲಿಯಲ್ಲಿ ಎಲೆ ಸುಟ್ಟವರಿಗೆ ಐದು ಸಾವಿರ ರೂಪಾಯಿ ದಂಡವೆಂದು ಹಸಿರು ನ್ಯಾಯಮಂಡಳಿ ಆಜ್ಞೆ ಮಾಡಿತ್ತು. ದಂಡದ ಭಯಕ್ಕಿಂತ ಹೊಗೆಯ ಅನುಭವವೇ ದೊಡ್ಡ ಗುರು ಎಂದು ನಮಗೆ ತೋರುತ್ತದೆ.

ಆ ಅನುಭವ ನಮಗೆ ಆಗದೆ ಇಲ್ಲ. ೨೦೨೩ರ ಮಾರ್ಚ್ ೨ರಂದು ಬ್ರಹ್ಮಪುರದ ಕಸದ ಬೆಟ್ಟಕ್ಕೆ ಬೆಂಕಿ ಬಿದ್ದದ್ದು ಯಾರಿಗೆ ಮರೆತಿದೆ? ಹತ್ತು ಹನ್ನೆರಡು ದಿನ ಕೊಚ್ಚಿಯ ಮೇಲೆ ಹೊಗೆ ಕವಿದಿತ್ತು. ಶಾಲೆಗಳಿಗೆ ರಜೆ ಕೊಟ್ಟರು. ಮನೆಯೊಳಗೂ ಮುಖಕ್ಕೆ ಬಟ್ಟೆ ಕಟ್ಟಿಕೊಂಡೆವು. ಹಸಿರು ನ್ಯಾಯಮಂಡಳಿ ಕೊಚ್ಚಿ ನಗರಸಭೆಗೆ ನೂರು ಕೋಟಿ ರೂಪಾಯಿ ದಂಡ ಹಾಕಿದ್ದೂ ಆ ತಿಂಗಳೇ. ಆಗ ಆಯಿಗೆ ಉಬ್ಬಸ ಹೆಚ್ಚಿ, ಮೂರನೆಯ ರಾತ್ರಿ ಮಗ ಅವರನ್ನು ರೈಲಿನಲ್ಲಿ ಕುಮಟೆಗೆ, ಅಲ್ಲಿಂದ ಊರಿಗೆ ಕರೆದೊಯ್ಯಬೇಕಾಯಿತು. ಬ್ರಹ್ಮಪುರದ ಹೊಗೆ ಬಹುಮಟ್ಟಿಗೆ ಪ್ಲಾಸ್ಟಿಕ್ಕಿನದು, ನಮ್ಮ ಮಾವಿನೆಲೆಯದಲ್ಲವೆಂಬುದು ನಿಜ. ಹಸಿಯದು ಒಣಗಿದ್ದು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ, ಕಣ್ಣಿಗೆ ಕಾಣದ ಕಡೆ ಕಳಿಸಿ ಕೈ ತೊಳೆದುಕೊಳ್ಳುವ ಅಭ್ಯಾಸವೇ ಅಂಥ ಬೆಟ್ಟಗಳನ್ನು ಬೆಳೆಸುವುದು ಎಂಬುದೂ ಅಷ್ಟೇ ನಿಜ. ಎಲೆಯ ಹೊಗೆಯನ್ನು ಹಗುರವಾಗಿ ಎಣಿಸಲೂ ಬಾರದು. ಡಿಸೆಂಬರ್ ಜನವರಿಯ ತಂಪು ಬೆಳಗಿನಲ್ಲಿ ಹೊಗೆ ಮೇಲೇರದೆ ನೆಲದ ಬಳಿಯೇ ತೂಗುತ್ತದೆ. ಅರೆ ಒಣಗಿದ ಎಲೆ ಉರಿಯದೆ ಬೇಯುತ್ತ ಹೊರಡಿಸುವ ಸಣ್ಣ ಕಣಗಳು ಎದೆಯ ಆಳದವರೆಗೂ ಹೋಗತಕ್ಕವು. ಆ ಹೊತ್ತಿನಲ್ಲಿಯೇ ನಮ್ಮ ಮಕ್ಕಳು ಶಾಲೆಯ ಬಸ್ಸಿಗಾಗಿ ಗೇಟಿನ ಬಳಿ ನಿಂತಿರುತ್ತಾರೆ.

ಇದರಲ್ಲೊಂದು ವಿಚಿತ್ರವನ್ನೂ ಗಮನಿಸಬೇಕು. ನಾವು ಇರುವುದು ಗೊಬ್ಬರದ ಊರಿನ ನೆರೆಯಲ್ಲಿ. ಪಕ್ಕದ ಏಲೂರಿನ ಫ್ಯಾಕ್ಟ್ ಕಾರ್ಖಾನೆಯ ಸಂಸ್ಥೆ ೧೯೪೩ರಲ್ಲಿ ಸ್ಥಾಪನೆಯಾಗಿ, ೧೯೪೭ರಲ್ಲಿ ಉತ್ಪಾದನೆ ಆರಂಭವಾಯಿತು. ಆಗ ಅಮೋನಿಯಕ್ಕೆ ಬೇಕಾದ ಜಲಜನಕವನ್ನು ಅಲ್ಲಿ ಕಾಡಿನ ಸೌದೆಯ ಅನಿಲದಿಂದ ಪಡೆಯುತ್ತಿದ್ದರಂತೆ. ಗಾಳಿಯ ಸಾರಜನಕವನ್ನು ಹಿಡಿದು ಚೀಲಕ್ಕೆ ತುಂಬಲು ಎಷ್ಟು ಕೊಳವೆ, ಎಷ್ಟು ಒತ್ತಡ, ಎಷ್ಟು ಇಂಧನ ಬೇಕೆಂಬುದನ್ನು ಆ ಕಾರ್ಖಾನೆಗಳಲ್ಲಿ ದುಡಿದವರು ಬಲ್ಲರು. ಅದೇ ಸಾರಜನಕ ನಮ್ಮ ಅಂಗಳದ ಹುಲ್ಲಿನಲ್ಲಿದೆ. ನೂರು ಕಿಲೋ ಒಣಗಿದ ಹುಲ್ಲಿನ ತುಂಡಿನಲ್ಲಿ ಎರಡರಿಂದ ನಾಲ್ಕು ಕಿಲೋ, ಒಣಗಿದ ಎಲೆಯಲ್ಲಿ ಒಂದು ಕಿಲೋದ ಆಸುಪಾಸು. ಸುಟ್ಟರೆ ಅದು ಹೊಗೆಯೊಡನೆ ಹೊರಟುಹೋಗುತ್ತದೆ. ಬೂದಿಯಲ್ಲಿ ಉಳಿಯುವ ಪೊಟ್ಯಾಸಿಯಂ, ಸುಣ್ಣದ ಅಂಶಗಳನ್ನು ಮೊದಲ ಮಳೆ ತೊಳೆಯುತ್ತದೆ. ಸುಟ್ಟ ಮೇಲೆ ನಾವು ಪೇಟೆಗೆ ಹೋಗಿ ಗೊಬ್ಬರದ ಚೀಲವನ್ನೂ, ತೆಂಗಿನ ನಾರಿನ ಪುಡಿಯ ಚೀಲವನ್ನೂ ಕೊಂಡು ತರುತ್ತೇವೆ. ಹಿತ್ತಲ ಗಿಡ ಮದ್ದಲ್ಲವೆಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಈಗ ಮಾಡುವ ಬಗೆ. ಮೊದಲು ಹುಲ್ಲು, ಏಕೆಂದರೆ ನಾವು ಎಡವಿದ್ದು ಅಲ್ಲಿಯೇ. ಆಯಿಯ ಮಾತು ಕೇಳಿ ಉತ್ಸಾಹ ಬಂದ ಮೊದಲ ಜೂನ್ ತಿಂಗಳಲ್ಲಿ, ಮೊಣಕಾಲೆತ್ತರ ಬೆಳೆದ ಹುಲ್ಲನ್ನು ಯಂತ್ರದವನಿಂದ ಕತ್ತರಿಸಿ, ಹಸಿಯಾಗಿಯೇ ಬಾಳೆಯ ಬುಡಕ್ಕೆ ಒಂದಡಿ ದಪ್ಪ ಪೇರಿಸಿದೆವು. ನಾಲ್ಕು ದಿನಕ್ಕೆ ಅದು ಬಿಸಿಯೇರಿ, ಅಂಟಾಗಿ, ಸತ್ತ ಮೀನಿನಂತೆ ನಾರಿತು. ನೆರೆಮನೆಯವರು ಸೌಜನ್ಯದಿಂದ, ಬಚ್ಚಲಿನ ಕೊಳವೆ ಒಡೆದಿದೆಯೆ ಎಂದು ವಿಚಾರಿಸಿದರು. ಒಂದು ಬಾಳೆ ಕೊಳೆಯಿತು. ನಾವು ಮಗುವಿನಂತೆ ಮುಖ ಬಾಡಿಸಿಕೊಂಡು ಹೋಗಿ ಹೇಳಿದಾಗ, ಊರಿನಿಂದ ಅರಿಸಿನದ ಬೀಜ ಕಟ್ಟಿಕೊಂಡು ಆಗಷ್ಟೆ ಹಿಂತಿರುಗಿದ್ದ ಆಯಿ, "ಬರೀ ಹಸಿ ಹಾಕಿದರೆ ಕೊಳೀದೆ ಇನ್ನೇನು? ದರಕು ಎಲ್ಲಿ?" ಎಂದು ಕೇಳಿದರು. ವಿಜ್ಞಾನದವರು ಇದನ್ನೇ ಇಂಗಾಲ ಸಾರಜನಕಗಳ ಲೆಕ್ಕದಲ್ಲಿ ಹೇಳುತ್ತಾರೆ. ಕೊಳೆಸುವ ಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ ಇಪ್ಪತ್ತೈದರಿಂದ ಮೂವತ್ತು ಪಾಲು ಇಂಗಾಲ ಹಿತ. ಹಸಿ ಹುಲ್ಲಿನಲ್ಲಿ ಇಂಗಾಲ ಅದಕ್ಕಿಂತ ಕಡಿಮೆ, ಆದುದರಿಂದ ನಾತ. ಒಣ ಎಲೆಯಲ್ಲಿ ಬಹಳ ಹೆಚ್ಚು, ಆದುದರಿಂದ ನಿಧಾನ. ಒಂದು ಬುಟ್ಟಿ ಹಸಿ ಹುಲ್ಲಿಗೆ ಎರಡು ಮೂರು ಬುಟ್ಟಿ ಒಣ ಎಲೆ ಬೆರೆಸಿದರೆ ಎರಡೂ ಒಂದನ್ನೊಂದು ತಿದ್ದುತ್ತವೆ. ಬೇಸಗೆಯಲ್ಲಿ ಉದುರಿದ್ದನ್ನು ಎರಡು ಗೋಣಿಚೀಲದಲ್ಲಿ ತುಂಬಿ ಜೂನ್ ತಿಂಗಳಿಗೆಂದು ಸೂರಿನಡಿ ಎತ್ತಿಡಬೇಕೆಂಬುದನ್ನು ನಾವು ಒಂದು ಬಾಳೆಯನ್ನು ಕಳೆದುಕೊಂಡು ಕಲಿತೆವು.

ಹುಲ್ಲನ್ನು ಪದೇ ಪದೇ, ಸ್ವಲ್ಪ ಸ್ವಲ್ಪವಾಗಿ ಕತ್ತರಿಸುವವರಿಗೆ ಈ ತೊಂದರೆಯೂ ಇಲ್ಲ. ಎತ್ತರದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ತೆಗೆಯದೆ ಕತ್ತರಿಸಿದರೆ ಆ ಸಣ್ಣ ತುಂಡುಗಳನ್ನು ಗುಡಿಸಲೇ ಬೇಕಾಗಿಲ್ಲ. ಅವು ಗರಿಗಳ ನಡುವೆ ಇಳಿದು ಕೆಲವೇ ದಿನಗಳಲ್ಲಿ ಕಾಣದಾಗುತ್ತವೆ. ಹುಲ್ಲಿಗೆ ಬೇಕಾದ ಸಾರಜನಕದ ಕಾಲುಭಾಗದವರೆಗೂ ಇದರಿಂದಲೇ ಸಿಕ್ಕುತ್ತದೆಂದು ಅಮೆರಿಕದ ಕೃಷಿ ವಿಸ್ತರಣೆಯವರು ಹೇಳುತ್ತಾರೆ. ಮಕ್ಕಳ ಮನೆಗೆಂದು ಆ ದೇಶಕ್ಕೆ ಹೋಗಿಬಂದವರು, ಶರತ್ಕಾಲದಲ್ಲಿ ಬೀದಿಯುದ್ದಕ್ಕೂ ಎಲೆಯ ಚೀಲಗಳನ್ನು ಸಾಲಾಗಿ ಇಟ್ಟಿರುವುದನ್ನು ನೋಡಿರಬಹುದು. ಆ ಚೀಲಗಳಿಂದ ಕಸದ ಗುಂಡಿಗಳು ತುಂಬಿ ತುಳುಕಿದುದರಿಂದಲೇ ಟೆಕ್ಸಾಸಿನವರು ಹುಲ್ಲನ್ನು ಚೀಲಕ್ಕೆ ತುಂಬಬೇಡಿರೆಂದು ಚಳವಳಿ ಹೂಡಿದರು. ಸಿರಿವಂತರು ಚೀಲ ಕಟ್ಟಿ ಕಲಿತದ್ದನ್ನು ನಾವು ಚೀಲ ಕಟ್ಟಿಯೇ ಕಲಿಯಬೇಕೆಂದೇನಿಲ್ಲ.

ಎಲೆಯಲ್ಲಿಯೂ ಜಾತಿಯುಂಟು. ಮಳೆಮರದ ಚಿಕ್ಕ ಎಲೆ ಒಂದೆರಡು ತಿಂಗಳಿಗೆ ಮಣ್ಣಾಗುತ್ತದೆ. ಮಾವು ಹಲಸುಗಳಿಗೆ ಅರ್ಧ ವರ್ಷ ಬೇಕು. ತೇಗ, ಜೀಗುಜ್ಜೆ, ಅಕೇಶಿಯಾಗಳು ಜಗಮೊಂ‌ಡು. ಅವನ್ನು ಕಾಲಿನಿಂದ ತುಳಿದು ಪುಡಿಮಾಡಿ, ಸಗಣಿಯ ನೀರು ಚಿಮುಕಿಸಬೇಕು. ತೆಂಗಿನ ಮಡಲನ್ನು ಕಡಿದು ತುಂಡು ಮಾಡಿ ಆ ತೆಂಗಿನ ಬುಡಕ್ಕೇ ಹಾಸಬಹುದು. ಕಾಸರಗೋಡಿನಲ್ಲಿ ೧೯೧೬ರಿಂದ ನಡೆದುಬಂದಿರುವ ತೆಂಗಿನ ಸಂಶೋಧನೆಯ ಕೇಂದ್ರದವರು ತೆಂಗಿನ ಗರಿಯನ್ನೇ ತಿಂದು ಗೊಬ್ಬರ ಮಾಡುವ ಎರೆಹುಳುವನ್ನು ಗುರುತಿಸಿ, ಆ ವಿಧಾನವನ್ನು ರೈತರಿಗೆ ಕಲಿಸಿದ್ದಾರೆ; ನಮ್ಮ ಕಾಸರಗೋಡಿನ ಸದಸ್ಯರ ಮನೆಗಳಲ್ಲಿ ಅದನ್ನು ನೋಡಿದ್ದೇವೆ. ಗಿಡದ ಬುಡಕ್ಕೆ ಎರಡರಿಂದ ನಾಲ್ಕು ಅಂಗುಲ ದಪ್ಪ ಸಾಕು. ಕಾಂಡಕ್ಕೆ ತಾಗದಂತೆ ಒಂದು ಗೇಣು ಜಾಗ ಬಿಡಬೇಕು, ಇಲ್ಲದಿದ್ದರೆ ಬುಡ ಕೊಳೆಯುತ್ತದೆ, ಗೆದ್ದಲೂ ಏರುತ್ತದೆ. ಇದನ್ನು ಮಾಡಲು ತಕ್ಕ ಹೊತ್ತು ತುಲಾವರ್ಷದ ಕೊನೆಯ ಮಳೆಯ ಮಾರನೆಯ ವಾರ. ನೆಲದಲ್ಲಿ ತೇವವಿರುವಾಗಲೇ ಮುಚ್ಚಿದರೆ ಆ ತೇವ ಬಹುಕಾಲ ನಿಲ್ಲುತ್ತದೆ. ಒಣಗಿ ಬಿರುಕುಬಿಟ್ಟ ಮೇಲೆ ಮುಚ್ಚಿದರೆ ಒಣಗಿದ್ದನ್ನೇ ಕಾಪಾಡಿದಂತಾಯಿತು.

ಆಕ್ಷೇಪಣೆಗಳುಂಟು, ಅವನ್ನು ಮರೆಮಾಚುವುದಿಲ್ಲ. ಹಾವಿನ ಭಯ ಸುಳ್ಳಲ್ಲ. ಓಡಾಡುವ ದಾರಿಯ ಅಂಚಿನಲ್ಲಿಯೂ ಬಾಗಿಲ ಬಳಿಯಲ್ಲಿಯೂ ಎಲೆ ಹಾಸಬಾರದು, ಎಲ್ಲಿಯೂ ಎತ್ತರದ ರಾಶಿ ಬಿಡಬಾರದು. ಸೊಳ್ಳೆ ಹುಟ್ಟುವುದು ನಿಂತ ನೀರಿನಲ್ಲಿ. ತೆಳುವಾಗಿ ಹರಡಿದ ಎಲೆ ನೀರನ್ನು ಕೆಳಗೆ ಬಿಡುತ್ತದೆ, ಆದರೆ ಅಡಕೆಯ ಹಾಳೆ, ತೆಂಗಿನ ಚಿಪ್ಪುಗಳು ಬೋಗುಣಿಯಂತೆ ನೀರು ಹಿಡಿಯುತ್ತವೆ. ಡೆಂಗೆಯ ಊರಿನಲ್ಲಿ ಅವನ್ನು ಕವುಚಿ ಹಾಕುವುದು, ಇಲ್ಲವೆ ತುಂಡು ಮಾಡುವುದು ಕಡ್ಡಾಯ. ಆಫ್ರಿಕದ ದೊಡ್ಡ ಬಸವನಹುಳು ಮಳೆಗಾಲದಲ್ಲಿ ಒದ್ದೆ ಎಲೆಯಡಿ ಅಡಗುವುದೂ ನಿಜ. ಸಂಜೆ ಒದ್ದೆ ಗೋಣಿಯಡಿ ಪಪಾಯಿ ಎಲೆಯನ್ನಿಟ್ಟರೆ ಅವು ಅಲ್ಲಿ ಬಂದು ಕೂಡುತ್ತವೆ. ಬೆಳಗ್ಗೆ ಕೈಗೆ ಚೀಲ ಹಾಕಿಕೊಂಡು ಆರಿಸಿ ಉಪ್ಪುನೀರಿಗೆ ಹಾಕಬೇಕು. ಅಸಹ್ಯದ ಕೆಲಸ, ಬೇರೆ ದಾರಿಯಿಲ್ಲ. ಅವು ಹೆಚ್ಚಿರುವ ಬೀದಿಯವರು ಮಳೆಗಾಲದ ಹೊದಿಕೆಯನ್ನು ತೆಳುವಾಗಿಯೇ ಇಡುವುದು ಮೇಲು. ಇವೆಲ್ಲಕ್ಕಿಂತ ದೊಡ್ಡ ಆಕ್ಷೇಪಣೆ ಎಂದರೆ ನೆರೆಯವರ ಕಣ್ಣು. ಕನ್ನಡದವರ ಮನೆ ಗಲೀಜೆಂದು ಯಾರಾದರೂ ಅಂದಾರೆಂಬ ಅಂಜಿಕೆ ಹೊರನಾಡಿನಲ್ಲಿ ಬಾಳುವವರನ್ನು ಬಿಡದು. ಆಯಿಯ ಮಗನನ್ನು ಕಾಡಿದ್ದು ಅದೇ, ನಮ್ಮನ್ನೂ ಬಹಳ ಕಾಲ ಕಾಡಿತು. ಇದಕ್ಕೆ ನಾವು ಕಂಡುಕೊಂಡ ಮದ್ದು ಒಂದು ಸಾಲು ಮುರಕಲ್ಲು. ಹೊದಿಕೆಯ ಸುತ್ತ ಕಲ್ಲಿನ ಅಂಚು ಕಟ್ಟಿದರೆ ಅದೇ ಎಲೆ ನೋಡುವವರಿಗೆ ಕಸವಾಗಿ ಕಾಣದೆ ಪಾತಿಯಾಗಿ ಕಾಣುತ್ತದೆ.

ಕಾಕ್ಕನಾಡಿನ ಬಹುಮಹಡಿ ಮನೆಗಳಲ್ಲಿರುವ ತರುಣ ದಂಪತಿಗಳು, ನಮಗೆ ಅಂಗಳವೇ ಇಲ್ಲವಲ್ಲ ಎನ್ನಬಹುದು. ಅವರಿಗೆ ತಿರುವನಂತಪುರದ ಉದಾಹರಣೆ ಉಂಟು. ಅಲ್ಲಿನ ಕಸವನ್ನೆಲ್ಲ ನುಂಗುತ್ತಿದ್ದ ವಿಳಪ್ಪಿಲ್‌ಶಾಲೆಯ ಘಟಕ ಊರಿನವರ ಹೋರಾಟದಿಂದ ೨೦೧೧ರ ಡಿಸೆಂಬರಿನಲ್ಲಿ ಮುಚ್ಚಿತು. ಕಳಿಸಲು ಜಾಗವಿಲ್ಲದ ನಗರ, ಹುಟ್ಟಿದಲ್ಲಿಯೇ ಕಸವನ್ನು ಗೊಬ್ಬರ ಮಾಡುವ ದಾರಿ ಹಿಡಿಯಬೇಕಾಯಿತು. ತುಂಬೂರ್‌ಮುಳಿಯ ಪಶು ಸಂಗೋಪನೆಯ ಕ್ಷೇತ್ರದಲ್ಲಿ ರೂಪುಗೊಂಡ, ನಾಲ್ಕಡಿ ಉದ್ದಗಲದ ಗಾಳಿಯಾಡುವ ಪೆಟ್ಟಿಗೆಗಳು ಅಲ್ಲಿ ಬಳಕೆಗೆ ಬಂದವು. ಅರ್ಧ ಅಡಿ ಸಗಣಿ, ಅರ್ಧ ಅಡಿ ಒಣ ಎಲೆ, ಅದರ ಮೇಲೆ ಅರ್ಧ ಅಡಿ ಅಡುಗೆಮನೆಯ ಕಸ, ಹೀಗೆ ಪದರ ಪದರವಾಗಿ ತುಂಬಿ ಮೂರು ತಿಂಗಳು ಬಿಟ್ಟರೆ ಗೊಬ್ಬರ. ಒಣ ಎಲೆಯಿಲ್ಲದೆ ಆ ಪೆಟ್ಟಿಗೆ ನಡೆಯದು. ಬಾಲ್ಕನಿಯ ಬಕೆಟ್ಟಿಗೂ ಇದೇ ನ್ಯಾಯ. ದಿನದ ಸಿಪ್ಪೆಯ ಮೇಲೆ ಎರಡು ಹಿಡಿ ಪುಡಿಮಾಡಿದ ಎಲೆ ಮುಚ್ಚಿದರೆ ನೊಣವೂ ಇಲ್ಲ, ನಾತವೂ ಇಲ್ಲ. ಒಬ್ಬರ ಮನೆಯಲ್ಲಿ ಎಲೆ ಹೆಚ್ಚು, ಇನ್ನೊಬ್ಬರ ಮನೆಯಲ್ಲಿ ಇಲ್ಲವೇ ಇಲ್ಲ. ಇವರಿಬ್ಬರನ್ನು ಗಂಟು ಹಾಕಿಸುವ ಬ್ರೌನ್ ಲೀಫ್ ಎಂಬ ಬಳಗ ಪುಣೆಯಲ್ಲಿದೆ. ಅಂಥದೊಂದು ನಮ್ಮ ಸಂಘದಿಂದಲೂ ಆಗಬೇಕೆಂಬುದು ನಮ್ಮ ಆಸೆ.

ಇದು ಕನ್ನಡನಾಡಿಗೆ ಹೊಸ ವಿದ್ಯೆಯೇನೂ ಅಲ್ಲ. ಇಂದೂರಿನಲ್ಲಿ ಆಲ್ಬರ್ಟ್ ಹೊವಾರ್ಡ್, ಯಶವಂತ ವಾಡ್ ಇವರು ತೋಟಗದ್ದೆಗಳ ಕಸದಿಂದ ಗೊಬ್ಬರ ಮಾಡುವ ಕ್ರಮವನ್ನು ಶೋಧಿಸಿ ೧೯೩೧ರಲ್ಲಿ ಪುಸ್ತಕ ಬರೆದರು. ೧೯೩೯ರಲ್ಲಿ ಬೆಂಗಳೂರಿನಲ್ಲಿ ಡಾ. ಸಿ. ಎನ್. ಆಚಾರ್ಯರು ರೂಪಿಸಿದ ಗುಂಡಿಯ ಕ್ರಮಕ್ಕೆ ಇಂದಿಗೂ ಬೆಂಗಳೂರು ವಿಧಾನವೆಂದೇ ಹೆಸರು. ಮಗುಚುವ ಕೆಲಸವಿಲ್ಲದ ಕಾರಣ ವಯಸ್ಸಾದವರಿಗೆ ಅದು ಹಿತ. ಆದರೆ ನಮ್ಮ ಮಳೆಗಾಲದಲ್ಲಿ ಗುಂಡಿಗೆ ನೀರು ನುಗ್ಗುತ್ತದೆ, ಆದುದರಿಂದ ಇಲ್ಲಿ ನೆಲದ ಮೇಲಿನ ಹೊದಿಕೆಯನ್ನೇ ನಾವು ಮೆಚ್ಚುವುದು.

ಆಯಿಯ ಮನೆಯ ಗೇಟಿನ ಬಳಿ ಈಗ ಬೂದಿಯ ಗುರುತಿಲ್ಲ. ಅವರು ಊರಿನಿಂದ ತಂದ ಅರಿಸಿನದ ಪಾತಿ ಹಲಸಿನ ಎಲೆಯಡಿ ಮೊಳೆತಿತು. ಹಿಂದಿನ ಬೇಲಿಯ ಬದಿಯಲ್ಲಿ ಸುವರ್ಣಗಡ್ಡೆಯ ಗುಂಡಿ ತೆಗೆದು, ಅದರ ತುಂಬ ದರಕನ್ನೇ ಒತ್ತಿ ನೆಟ್ಟಿದ್ದಾರೆ. ಕುಂಭಮಾಸದಲ್ಲಿ ನೆಟ್ಟರೆ ಕೊಡದಷ್ಟು ಗಡ್ಡೆ ಎಂಬ ಇಲ್ಲಿನ ಮಾತನ್ನು ಅವರಿಗೆ ಕಲಿಸಿದವಳು, ಅಂದು ಕಡ್ಡಿ ಗೀರಿದ ಆ ಕೆಲಸದಾಕೆಯೇ. ಈಗ ಇಬ್ಬರೂ ಕೂಡಿ ಗುಡಿಸುತ್ತಾರೆ. ಒಬ್ಬರು ದರಕು ಎನ್ನುತ್ತಾರೆ, ಒಬ್ಬಳು ಕರಿಯಿಲ ಎನ್ನುತ್ತಾಳೆ. ಹೋಗಿ ಬೀಳುವುದು ಒಂದೇ ಪಾತಿಗೆ. ಗಡ್ಡೆ ಅಗೆದ ದಿನ ಅರ್ಧ ಆಕೆಯ ಮನೆಗೆ ಹೋಯಿತು, ಒಂದು ತುಂಡು ನಮಗೂ ಬಂತು.

ಆದುದರಿಂದ ಸಂಘದ ಮುಂದೆ ನಮ್ಮದೊಂದು ಸಲಹೆ. ಡಿಸೆಂಬರ್ ತಿಂಗಳಿಂದ ಫೆಬ್ರುವರಿಯವರೆಗೆ, ಪ್ರತಿ ತಿಂಗಳೂ ಎರಡನೆಯ ಭಾನುವಾರ ಬೆಳಗ್ಗೆ, ಮರವಿರುವ ಮನೆಯವರು ತಮಗೆ ಹೆಚ್ಚಾದ ಎಲೆಯನ್ನು ತಂದು, ಮರವಿಲ್ಲದ ಮನೆಯವರಿಗೆ ಕೊಡುವುದು. ಕೊಡುವವರ, ಬೇಕಾದವರ ಹೆಸರನ್ನು ಇಂದೇ ಕಾರ್ಯದರ್ಶಿಗಳ ಬಳಿ ಬರೆಸಿದರೆ ಅನುಕೂಲ. ಎಲೆಯಲ್ಲಿ ಚಾಕಲೇಟಿನ ಕಾಗದ, ಹಾಲಿನ ಪ್ಯಾಕೆಟ್ಟಿನ ಚೂರು ಇಲ್ಲದಂತೆ ಆರಿಸಿ ತರಬೇಕು. ಈ ಕೆಲಸವನ್ನು ಮಕ್ಕಳಿಗೆ ಕೊಡಬಹುದು. ಗೋಣಿಚೀಲ, ಹಳೆಯ ಸೀರೆಯ ಗಂಟು, ಬುಟ್ಟಿ, ಯಾವುದಾದರೂ ಆದೀತು. ಪ್ಲಾಸ್ಟಿಕ್ ಚೀಲದಲ್ಲಿ ಮಾತ್ರ ಯಾರೂ ತರಕೂಡದು. ಮೊದಲ ಭಾನುವಾರ ಆಯಿಯೂ ಬರುತ್ತೇನೆಂದಿದ್ದಾರೆ. ಅವರಿಗೆ ನೆರಳಿನಲ್ಲಿ ಒಂದು ಕುರ್ಚಿ ಹಾಕಿಸಬೇಕು; ಅವರು ಅದರಲ್ಲಿ ಕುಳಿತಾರೆಂಬ ಭರವಸೆ ನಮಗಿಲ್ಲ.